ಚಿಕ್ಕಮ್ಮ ಸೇತುವೆ ದಾಟಲಿಲ್ಲ

ಹೋದ ತಿಂಗಳ ಒಂದು ಭಾನುವಾರ. ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆ ಹಜಾರದಲ್ಲಿ ನಾವು ಮೂವರಿದ್ದೆವು. ದಿವಾನದ ಮೇಲೆ ಕಾಲು ಚಾಚಿಕೊಂಡ ಚಿಕ್ಕಮ್ಮ. ಈರುಳ್ಳಿ ವ್ಯಾಪಾರ ಮಾಡುವ ಅವರ ಮಗ ಮಹೇಶ. ಚಾಮರಾಜನಗರದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ನಾನು. ಒಂದು ಕೊಲೆಯ ವಿಚಾರಣೆ ನಡೆಯುತ್ತಿತ್ತು.

(ಗಾಬರಿಯಾಗಬೇಡಿ. ಸತ್ತಿದ್ದು ಜಿಂಕೆಗಳು. ಅದೂ ಫೋನಿನೊಳಗೆ.)

ಮೊಣಕಾಲು ನೋವಿನಿಂದ ಮನೆಯಲ್ಲೇ ಉಳಿದ ಚಿಕ್ಕಮ್ಮನಿಗೆ ಹೊತ್ತು ಹೋಗಲೆಂದು ಮಹೇಶನೇ ಒಂದು ಆನ್‌ಲೈನ್ ಗೇಮ್ ಹಾಕಿಕೊಟ್ಟಿದ್ದ. ಅದರಲ್ಲಿ ನಮ್ಮ ಹೆಸರಿನದೊಂದು ಪಾತ್ರ. ಕಾಡುಮೇಡು ಸುತ್ತಿ ಪಾಯಿಂಟ್ ಗಳಿಸಿದಂತೆ ಅದರ ಲೆವೆಲ್ ಏರುತ್ತದೆ. ಹತ್ತನೇ ಲೆವೆಲ್ ಮುಟ್ಟಿದರೆ ಕಾವಲುಗಾರ ಸೇತುವೆಯ ಬಾಗಿಲು ತೆಗೆಯುತ್ತಾನೆ. ಸೇತುವೆಯಾಚೆ ಒಂದು ಬೆಟ್ಟ. ಅದನ್ನು ಹತ್ತುವುದೇ ಚಿಕ್ಕಮ್ಮನ ಆಸೆ.

"ಇಲ್ಲಿ ಮೂರು ಮೆಟ್ಲು ಅತ್ತಕ್ಕಾಗಕಿಲ್ಲ. ಅಲ್ಲಾದ್ರೂ ಅತ್ತುತೀನಿ ಕಣಮ್ಮಿ" ಎಂದು ನನಗೆ ಹೇಳಿದ್ದರು.

ಆದರೆ ಈ ಆಟದಲ್ಲಿ ಬೇಗ ಬೆಳೆಯಬೇಕಾದರೆ ಬೇಟೆಯಾಡಬೇಕು. ಕೋಳಿಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಜಿಂಕೆಗೆ ಬಾಣ ಬಿಡುತ್ತಾರೆಯೇ? ಚಿಕ್ಕಮ್ಮ ಬಿಡಲಿಲ್ಲ. ಬುಟ್ಟಿ ಹಿಡಿದು ಸೊಪ್ಪು ಕೊಯ್ದರು. ಗಂಜಿ ಕಾಯಿಸಿ ದಾರಿಹೋಕರಿಗೆ ಕೊಟ್ಟರು. ಯಾರದೋ ತಪ್ಪಿಸಿಕೊಂಡ ಮೇಕೆ ಹುಡುಕಿಕೊಟ್ಟರು. ಹೀಗೇ ತಿಂಗಳುಗಟ್ಟಲೆ ಆಡಿ ಒಂಬತ್ತನೇ ಲೆವೆಲ್ ತಲುಪಿದ್ದರು. ಇನ್ನೊಂದೇ ಬಾಕಿ.

ಅವತ್ತು ಮಧ್ಯಾಹ್ನ ಅವರು ನಿದ್ದೆಗೆ ಜಾರಿದ್ದೇ ತಡ, ಮಗರಾಯ ಫೋನ್ ಎತ್ತಿಕೊಂಡ. ಅವರು ಎದ್ದ ಕೂಡಲೇ ಮುಖದ ಮುಂದೆ ಹಿಡಿದ.

"ಅವ್ವೋ, ಇಪ್ಪತ್ತನೇ ಲೆವೆಲ್ಗೆ ಏರುಸ್ಬುಟ್ಟಿವ್ನಿ! ಬಾಗ್ಲು ತೆಗುದದೆ, ಓಗು."

"ಎಂಗ್ಲಾ ಏರುಸ್ದೆ?"

"ಜಿಂಕೆ, ಅಂದಿ, ಮೊಲ... ಸಿಕ್ಕಿದ್ನೆಲ್ಲ ಒಡುದಾಕ್ದೆ."

"ನನ್ನ ಎಸ್ರಲ್ಲಾ?"

"ಅಯ್ಯೋ, ಆಟ ಕಣವ್ವ. ಬುಡು."

"ಆಟ ಆದ್ರೆ ನಿನ್ನೆಸ್ರಲ್ಲಿ ಆಡ್ಕೋ ಓಗ್ಲಾ! ಒಂದು ಇರ್ವೆನೂ ತುಳೀದೆ ಒಂಬತ್ತರ ತಂಕ ಬಂದಿದ್ದೆ. ಎಲ್ಲಾನೂ ನೀರ್ಗಾಕ್ಬುಟ್ಟಲ್ಲೋ!"

ಮಹೇಶ ನನ್ನ ಕಡೆ ತಿರುಗಿದ. "ನೀನಾದ್ರೂ ಏಳಕ್ಕ. ಒಳ್ಳೇದ್ ಮಾಡಕ್ಕೋಗಿ ಬೈಸ್ಕತಿವ್ನಿ."

ನನಗೋ, ಅವನ ಮೇಲೂ ಸಿಟ್ಟಿತ್ತು. ಅದಕ್ಕಿಂತ ಸಿಟ್ಟು ಆ ಗೇಮ್ ಮಾಡಿದವರ ಮೇಲೆ. ಜಿಂಕೆ ಕೊಂದರೆ ರಾಶಿ ಪಾಯಿಂಟ್. ಹಸಿದವನಿಗೆ ಗಂಜಿ ಕೊಟ್ಟರೆ ಚಿಟಿಕೆಯಷ್ಟು. ಹೀಗೆಂದು ಗೊತ್ತುಮಾಡಿದ ಪುಣ್ಯಾತ್ಮ ಯಾರು? ಬಂಡೀಪುರದ ರಸ್ತೆಯಲ್ಲಿ ಜಿಂಕೆ ಕಂಡರೆ ಬಸ್ಸಿನ ಮಂದಿಯೆಲ್ಲ ಒಂದೇ ಕಿಟಕಿಗೆ ಮುಗಿಬೀಳುತ್ತೇವೆ. ಫೋನಿನಲ್ಲಿ ಕಂಡರೆ ಮಾತ್ರ ಅದು ಬರೀ ಪಾಯಿಂಟಾ? ಸೊಪ್ಪು ಕೊಯ್ಯುವವಳದು ಬೆಳವಣಿಗೆಯೇ ಅಲ್ಲವಾ?

ಇನ್ನು ನಮ್ಮ ಅವಸರ! ನಿಧಾನಸ್ಥರನ್ನು ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಮಗು ತಾನೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರೆ ಅದರ ಕೈ ಸರಿಸಿ ನಾವೇ ಹಾಕುತ್ತೇವೆ. ಅದಕ್ಕೆ ಹೆಲ್ಪ್ ಅಂತ ಹೆಸರು ಬೇರೆ. ಕೇಳಿದವರು ಯಾರು ಸ್ವಾಮಿ? (ಮಹೇಶ, ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಪರವಾಗಿಲ್ಲ.)

ಸೇತುವೆಯ ಬಾಗಿಲು ತೆರೆದೇ ಇತ್ತು. ಆಚೆ ಬೆಟ್ಟ ಕಾಣುತ್ತಿತ್ತು. ಚಿಕ್ಕಮ್ಮ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಆ ಪಾತ್ರವನ್ನು ಅಳಿಸಿಹಾಕಿಸಿದರು. ಅಳಿಸಿದ್ದು ಮಹೇಶನ ಕೈಯಲ್ಲೇ.

ಮೊನ್ನೆ ಮತ್ತೆ ಹೋಗಿದ್ದೆ. ಚಿಕ್ಕಮ್ಮ ಮೊದಲನೇ ಲೆವೆಲ್‌ನಿಂದ ಶುರು ಮಾಡಿದ್ದರು. ಪಕ್ಕದಲ್ಲಿ ಮಹೇಶ. ತನ್ನ ಫೋನಿನಲ್ಲಿ ಹೊಸ ಪಾತ್ರ ಮಾಡಿಕೊಂಡು ಅವನೂ ಒಂದು ಬುಟ್ಟಿ ಹಿಡಿದಿದ್ದ.

"ಅವ್ವಾ, ಈ ಸೊಪ್ಪು ಕುಯ್ಯನಾ?"

"ಇನ್ನೂ ಎಳೇದು ಕಣ್ಲಾ. ಬುಡು, ಬೆಳೀಲಿ."