ಎಡ ಪಕ್ಕೆ, ಬಲ ಪಕ್ಕೆ

ಮೊಂಡು ಗರಗಸದಿಂದ ಯಾರೋ ಒಣಮರ ಕೊಯ್ಯುತ್ತಿರುವಂಥ ಸದ್ದು. ಮೃಗಾಲಯದ ಗೇಟು ದಾಟಿದ ಹೊಸಬರು ಬಡಗಿಯನ್ನು ಹುಡುಕುತ್ತ ಆಚೀಚೆ ನೋಡಿದರು. ಚುಕ್ಕಿಯಕ್ಕ ನೋಡಲಿಲ್ಲ. ಚಿರತೆ ಕೂಗುವುದೇ ಹಾಗೆಂದು ಅವಳಿಗೆ ಗೊತ್ತು.

ಚಿರತೆಗಳ ಗುರುತು ಹಿಡಿಯುವುದು ಅವಳ ಕೆಲಸ. ವನ್ಯಜೀವಿ ಕಚೇರಿಯ ಮಹಡಿಯ ಕೋಣೆಯಲ್ಲಿ, ಎರಡು ಫೋಟೋ ಪಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು ಮೂವತ್ತೊಂದು ವರ್ಷ ಕಳೆದಿದ್ದಳು. ಒಂದರ ಮೈಮೇಲಿನ ಚುಕ್ಕಿ ಇನ್ನೊಂದಕ್ಕಿರುವುದಿಲ್ಲ. ಅದಿರಲಿ, ಒಂದೇ ಚಿರತೆಯ ಎಡ ಪಕ್ಕೆಯ ಹಾಗೆ ಅದರ ಬಲ ಪಕ್ಕೆಯೂ ಇರುವುದಿಲ್ಲ. ಎಡಕ್ಕೆ ಎಡವನ್ನೇ ಹೋಲಿಸಬೇಕೆಂದು ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದವಳು ಅವಳೇ. "ಕಾಡಿನ ಚಿರತೆಗಳೆಲ್ಲ ಇವಳಿಗೆ ಗೊತ್ತು, ಮದುವೆಮನೇಲಿ ಸ್ವಂತ ನಾದಿನಿ ಗುರುತು ಸಿಗಲಿಲ್ಲ" ಎಂದು ಅತ್ತೆ ಈಗಲೂ ಆಡಿಕೊಳ್ಳುತ್ತಾರೆ.

ಹನ್ನೊಂದು ವರ್ಷದ ಹಿಂದೆ ಊರಂಚಿನಲ್ಲಿ ಒಂದು ಚಿರತೆ ಹೆಂಗಸೊಬ್ಬಳ ಮೇಲೆ ಬಿದ್ದಿತ್ತು. ಕ್ಯಾಮೆರಾಕ್ಕೆ ಸಿಕ್ಕಿದ್ದು ಅದರ ಎಡ ಪಕ್ಕೆ ಮಾತ್ರ. ಹದಿನೈದು ದಿನಕ್ಕೆ ಬೋನಿಗೆ ಒಂದು ಹೆಣ್ಣು ಚಿರತೆ ಬಿತ್ತು. ಅದೇ ಆದರೆ ಜೀವಮಾನವಿಡೀ ಪಂಜರ, ಅಲ್ಲದಿದ್ದರೆ ಮರಳಿ ಕಾಡಿಗೆ. ಸಾಹೇಬರು ಫೋನ್ ಹಿಡಿದು ಕಾಯುತ್ತಿದ್ದರು. ಹನ್ನೆರಡು ಕಡೆ ಹೋಲಿಸಬೇಕಿತ್ತು. ಭುಜದ ಐದು ಚುಕ್ಕಿ ಕೂಡಿ ಬಂದದ್ದನ್ನು ನೋಡಿ ಅಲ್ಲಿಗೇ ಸಾಕುಮಾಡಿದಳು. ಎಲ್ಲರೂ ಹೌದೆಂಬ ಮಾತಿಗೇ ಕಾದಿದ್ದರು. ಹೌದು ಎಂದಳು.

ನಿವೃತ್ತಿ ಹತ್ತಿರವಾಗಿ ಮೊನ್ನೆ ಮೇಜು ಖಾಲಿ ಮಾಡುವಾಗ ಬೋನಿನ ಚಿರತೆಯ ಫೋಟೋದ ನೆಗೆಟಿವ್ ಕೈಗೆ ಸಿಕ್ಕಿತು. ಅಂಚಿನ ಅಂಕಿ ನೆಟ್ಟಗೆ ಓದಲು ಬರುವಂತೆ ಬೆಳಕಿಗೆ ಹಿಡಿದಳು. ಚಿರತೆಯ ಮುಖ ಫೋಟೋದಲ್ಲಿದ್ದದ್ದಕ್ಕೆ ಎದುರು ದಿಕ್ಕಿಗಿತ್ತು. ಫೋಟೋವನ್ನು ತಿರುವುಮುರುವಾಗಿ ಅಚ್ಚು ಹಾಕಿದ್ದರು. ಅವಳು ಎಡವೆಂದು ನೋಡಿದ್ದು ಬಲ ಪಕ್ಕೆ.

"ಅಪರೂಪ ಅಕ್ಕಾ. ನಿಮ್ಮ ಕೈದಿ ನೋಡೋಕೆ ಬಂದ್ರಾ?" ಎಂದ, ಮೃಗಾಲಯದಲ್ಲಿ ಆ ಚಿರತೆಯನ್ನು ನೋಡಿಕೊಳ್ಳುವ ಮುದುಕ.

"ಅದರ ಎಡ ಪಕ್ಕೆ ನೋಡಬೇಕಿತ್ತು."

"ಹೇಳಿದ ಕಡೆ ತಿರುಗೋ ಪೈಕಿ ಅಲ್ಲ ಇದು. ನಮ್ಮನೆಯವಳ ಥರಾನೇ."

ಆದರೂ ಮಾಂಸದ ಬಕೆಟ್ಟನ್ನು ಆ ತುದಿಗೆ ಒಯ್ದ. ಚಿರತೆ ಎದ್ದು ಸರಳಿನುದ್ದಕ್ಕೂ ನಡೆಯಿತು. ದಾಳಿ ಮಾಡಿದ ಚಿರತೆಯ ಫೋಟೋವನ್ನು ಚುಕ್ಕಿಯಕ್ಕ ಎತ್ತಿ ಹಿಡಿದಳು. ಭುಜ, ಹೊಟ್ಟೆ, ತೊಡೆ. ಈ ಸಲ ಹನ್ನೆರಡೂ ಕಡೆ ನೋಡಿದಳು. ಒಂದೂ ಹೊಂದಲಿಲ್ಲ.

"ಇದು ಅದಲ್ಲ" ಎಂದಳು. "ಆ ಹೆಂಗಸಿನ ಮೇಲೆ ಬಿದ್ದದ್ದು ಇದಲ್ಲ. ನಾನು ತಪ್ಪು ಹೇಳಿಬಿಟ್ಟೆ."

ಮುದುಕ ಬಕೆಟ್ಟು ಕೆಳಗಿಟ್ಟ.

"ಈಗ ಬಿಡೋಕಾಗಲ್ವಾ?" ಎಂದು ಕೇಳಿದಳು.

"ಮೂರು ಹಲ್ಲು ಹೋಗಿವೆ. ಇದರ ಜಾಗ ಬೇರೆದು ಹಿಡ್ಕೊಂಡಿರುತ್ತೆ. ಒಂಟಿ ಪ್ರಾಣಿ ಅಕ್ಕಾ, ಪಾಲು ಕೊಡಲ್ಲ."

ಚಿರತೆ ಬಂದ ದಾರಿಯಲ್ಲೇ ಹಿಂದಿರುಗಿ ನಡೆಯಿತು. ಅವಳ ಮುಖ ನೋಡಿ ಮುದುಕನ ದನಿ ಮೆತ್ತಗಾಯಿತು.

"ಮನಸ್ಸಿಗೆ ಹಚ್ಕೋಬೇಡಿ. ಕಾಡಲ್ಲಿ ಹನ್ನೆರಡು, ಹೆಚ್ಚಂದ್ರೆ ಹದಿನೈದು ವರ್ಷ ಬದುಕುತ್ತೆ. ಇದಕ್ಕೀಗ ಹದಿನಾರು. ಹೊರಗಿದ್ದಿದ್ರೆ ಇಷ್ಟೊತ್ತಿಗೆ ಸತ್ತೇ ಹೋಗಿರೋದು. ಒಂದು ಲೆಕ್ಕಕ್ಕೆ ನೀವೇ ಉಳಿಸಿದ ಹಾಗಾಯ್ತಲ್ಲ? ಹೊತ್ತಿಗೆ ಸರಿಯಾಗಿ ಊಟ, ಕರೆದ್ರೆ ಡಾಕ್ಟರು, ಬೇಸಿಗೇಲಿ ನಾನೇ ನೀರು ಹಾಯಿಸ್ತೀನಿ, ಇನ್ನೇನು ಬೇಕು ಹೇಳಿ, ನಮಗಾದ್ರೂ ಇಷ್ಟು..."

ಅವನಿನ್ನೂ ಹೇಳುತ್ತಲೇ ಇದ್ದ. ಚುಕ್ಕಿಯಕ್ಕ ಫೋಟೋವನ್ನು ಎದೆಗೊತ್ತಿಕೊಂಡು, ತನ್ನ ತಪ್ಪನ್ನು ಕಡತದಲ್ಲಿ ಬರೆದಿಡಲು ವನ್ಯಜೀವಿ ಕಚೇರಿಯ ಕಡೆ ನಡೆದುಬಿಟ್ಟಳು.