ರಿವಾಲ್ವರಿಗೆ ಅಳತೆ ಕೊಟ್ಟ ಕೈ

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ತಾಸು. ಗದಗಿನಿಂದ ಬೆಂಗಳೂರಿಗೆ ನಾನು ರೈಲಿನಲ್ಲಿ ಕೂತದ್ದೇ ಅದಕ್ಕಿಂತ ಹೆಚ್ಚು ಹೊತ್ತು. ಅಲ್ಲಿನ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮಳೆ ಹೊಡೆಯುತ್ತಿತ್ತು ಎಂದು ನನ್ನ ನೆನಪು. ಸುಡು ಬಿಸಿಲಿತ್ತು ಎನ್ನುತ್ತಾನೆ ತಮ್ಮ ಮಹಾಂತೇಶ. ಟಿಪ್ಪಣಿ ಪುಸ್ತಕ ತೆಗೆದು ನೋಡಿದರೆ ಆ ಬುಧವಾರದ ಹೆಸರಿನಲ್ಲಿ ಒಂದೇ ಸಾಲಿದೆ: 'ಬ್ಯಾಗನ್ನು ಎಡಗೈಯಲ್ಲಿ ಎಳೆದ.' ಅದನ್ನೇ ಏಕೆ ಬರೆದುಕೊಂಡೆನೋ ಆಗ ಗೊತ್ತಿರಲಿಲ್ಲ. ಆದ್ದರಿಂದ ಹವೆಯ ವಿಷಯದಲ್ಲಿ ಓದುಗರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಹಾಂತೇಶ ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನು ಸಿಂಗಪುರಕ್ಕೆ ಹೋಗಿ ಹದಿನಾರು ವರ್ಷವಾಗಿದ್ದರೂ ನಾನು ಹೋದದ್ದು ಇದೇ ಮೊದಲು. ಕಸ್ಟಮ್ಸ್ ದಾಟುವಲ್ಲಿ ತರಬಾರದ ವಸ್ತುಗಳ ಚಿತ್ರಪಟ ಇತ್ತು: ಬಂದೂಕು, ಗುಂಡು, ಚೂಯಿಂಗ್ ಗಮ್. ನನ್ನ ಚೀಲದಲ್ಲಿ ಅರವತ್ತು ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ ಇದ್ದವು. ಅವನ್ನು ಯಾರೂ ಕೇಳಲಿಲ್ಲ.

ಅವನ ಮನೆ ಬುಕಿತ್ ಪಂಜಾಂಗ್‌ನಲ್ಲಿ. ವಿಮಾನ ನಿಲ್ದಾಣದಿಂದ ಎಂಆರ್‌ಟಿಯಲ್ಲಿ ಒಂದು ತಾಸಿಗಿಂತ ಹೆಚ್ಚು, ಎರಡು ಕಡೆ ರೈಲು ಬದಲಿಸಬೇಕು. ಚಾರ್ಜು ಎರಡು ಡಾಲರಿನ ಮೇಲೆ ಚಿಲ್ಲರೆ. ಅರ್ಧ ದಾರಿಯಲ್ಲಿ ಅವನು, ಚಹಾ ಬೇಕೇನು ಎಂದು ಕೇಳುವವರ ಧ್ವನಿಯಲ್ಲಿ ಹೇಳಿದ: "ಅಕ್ಕ, ನಿನಗ ಒಂದ್ ಕೆಲ್ಸ ಐತಿ. ನನ್ನ ಕೈ ಬರಕೊಡಬೇಕು."

"ಯಾಕೋ?"

"ರಿವಾಲ್ವರಿಗೆ."

ನಾನು ಸುತ್ತ ನೋಡಿದೆ. ಎದುರಿಗೆ ಕೂತಿದ್ದ ಹುಡುಗಿ ಫೋನಿನಿಂದ ತಲೆ ಎತ್ತಲಿಲ್ಲ. ಆಗಷ್ಟೇ ಆ ಚಿತ್ರಪಟ ನೋಡಿ ಬಂದಿದ್ದೆ. ಅವನು ನಕ್ಕ. "ಏ, ಲೈಸೆನ್ಸ್ ಐತಿ. ಹನ್ನೊಂದು ವರ್ಷಾತು ಕ್ಲಬ್ ಸೇರಿ. ಗನ್ನು ಕ್ಲಬ್ಬಿನ ಕೋಣ್ಯಾಗ ಇರ್ತದ, ಮನಿಗೆ ತರಂಗಿಲ್ಲ. ಬುಲೆಟ್ ಒಂದು ಕಿಸೆದಾಗ ಉಳದ್ರೂ ನನ್ನ ಕಥಿ ಮುಗೀತು."

ಶನಿವಾರ ಫೋನ್ ಮಾಡಿದಾಗಲೆಲ್ಲ 'ಕ್ಲಬ್ಬಿಗೆ ಹೊಂಟೀನಿ' ಎನ್ನುತ್ತಿದ್ದ. ಬ್ಯಾಡ್ಮಿಂಟನ್ ಇರಬೇಕೆಂದು ನಾನೇ ಅಂದುಕೊಂಡಿದ್ದೆ. ಅಷ್ಟೇ ಅಲ್ಲ, ಹೆಗಲಿಗೆ ರಾಕೆಟ್ ಚೀಲ ಹಾಕಿಕೊಂಡ ಅವನ ಫೋಟೊ ನೋಡಿದ್ದೂ ನೆನಪಿತ್ತು. ಅಂಥ ಫೋಟೊ ಇಲ್ಲವೇ ಇಲ್ಲ. ಹನ್ನೊಂದು ವರ್ಷ ಇಲ್ಲದ ರಾಕೆಟ್ಟನ್ನು ಅವನ ಹೆಗಲಿಗೆ ಹಾಕಿ ನಾನು ನೆಮ್ಮದಿಯಾಗಿದ್ದೆ.

ಒಂಬತ್ತನೆಯ ಮಹಡಿಯ ಮನೆ. ಕಿಟಕಿಯ ಕೆಳಗೆ ಎಲ್‌ಆರ್‌ಟಿ ಎಂಬ ಪುಟ್ಟ ರೈಲುಗಾಡಿ ಆಟಿಕೆಯ ಹಾಗೆ ತಿರುಗಿ ಹೋಗುತ್ತದೆ. ಅವನ ಹೆಂಡತಿ ಶೈಲಾ ಐದನೇ ವಯಸ್ಸಿನಿಂದ ಇಲ್ಲೇ ಬೆಳೆದವಳು, ಬ್ಯಾಂಕಿನಲ್ಲಿ ಕೆಲಸ. ಊಟದ ಮೇಜಿನ ಮೇಲೆ ಎರಡು ಕ್ಯಾಟಲಾಗುಗಳಿದ್ದವು. ಆ ಸಂಜೆಯೆಲ್ಲ ಅವುಗಳದ್ದೇ ಮಾತು.

ಮಹಾಂತೇಶ ತನ್ನ ಹಳೆಯ ಸಣ್ಣ ಬೋರಿನ ರಿವಾಲ್ವರನ್ನು ಕ್ಲಬ್ಬಿನ ಇನ್ನೊಬ್ಬ ಸದಸ್ಯನಿಗೆ ಕೊಟ್ಟಿದ್ದ. ಈಗ ಬೇಕಾಗಿದ್ದು ದೊಡ್ಡ ಬೋರಿನದು, ಕಿರುಬೆರಳ ತುದಿ ತೂರುವಷ್ಟು ಅಗಲದ ನಳಿಗೆ. ಒಂದು ಕ್ಯಾಟಲಾಗಿನಲ್ಲಿದ್ದದ್ದು ಕಾರ್ಖಾನೆಯ ಮಾಲು. ಪರವಾನಗಿ ಸಿಕ್ಕ ಮೇಲೆ ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆ, ಎಲ್ಲರ ಕೈಗೂ ಒಂದೇ ಹಿಡಿ. ಇನ್ನೊಂದನ್ನು ಅಮೆರಿಕದ ಒಬ್ಬ ಕುಶಲಕರ್ಮಿ ಹೇಳಿ ಮಾಡಿಸಿಕೊಳ್ಳುವವರಿಗಾಗಿಯೇ ಒಂದೊಂದಾಗಿ ಮಾಡುತ್ತಾನೆ. ಗುಂಡು ತುಂಬುವ ಉರುಳೆಯನ್ನು ನಳಿಗೆಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸುತ್ತಾನೆ, ಟ್ರಿಗರನ್ನು ಬೆರಳಿನ ಬಲಕ್ಕೆ ಹೊಂದಿಸುತ್ತಾನೆ, ಮರದ ಹಿಡಿಯನ್ನು ಕೈಯ ಅಳತೆಗೆ ಕೆತ್ತುತ್ತಾನೆ. ಬೆಲೆ ಮೂರು ಪಟ್ಟು. ಕಾಯಬೇಕಾದದ್ದು ಹದಿನೆಂಟು ತಿಂಗಳು.

"ಅಕ್ಕ, ಇವ್ರು ನನ್ನ ಮದುವೆ ಆಗೋಕೂ ಇಷ್ಟು ಯೋಚನೆ ಮಾಡಿಲ್ಲ," ಎಂದಳು ಶೈಲಾ. "ರೆಡಿಮೇಡ್ ತಗೊಂಡು ಮುಗಿಸಿ ಅಂದ್ರೆ ಕೇಳಲ್ಲ."

"ನೀನು ಹೇಳಿ ಮಾಡಿಸಿದ ಹಾಗೆ ಇದ್ದೆ, ಯೋಚನೆ ಯಾಕೆ ಬೇಕಿತ್ತು?" ಎಂದ ಮಹಾಂತೇಶ. ಅವಳ ಮುಂದೆ ಅವನ ಮಾತು ಬೆಂಗಳೂರಿನದಾಗುತ್ತದೆ.

"ಸಾಕು ಲಾ, ಅಕ್ಕನ ಮುಂದೆ ಆ್ಯಕ್ಟಿಂಗು," ಎಂದಳು ಶೈಲಾ. ಮಾತಿನ ಕೊನೆಗೆ 'ಲಾ' ಸೇರಿಸುವುದು ಇಲ್ಲಿಯವರ ರೂಢಿ.

ಮರುದಿನ, ಗುರುವಾರ, ಶೈಲಾ ಕೆಲಸಕ್ಕೆ ಹೋದ ಮೇಲೆ ಅವನು ಬಿಳಿ ಹಾಳೆ ತಂದು ಮೇಜಿಗೆ ಅಂಟಿಸಿದ. ಕೈಯನ್ನು ಹಾಳೆಯ ಮೇಲಿಟ್ಟು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಬೇಕು. ಬೇರೆಯವರು ಎಳೆಯಬೇಕು, ಪೆನ್ಸಿಲ್ ನೇರ ನಿಂತಿರಬೇಕು, ಕೈ ಇದ್ದ ಹಾಗೇ ಬರಬೇಕು. ಹೀಗೆಂದು ಆ ಕುಶಲಕರ್ಮಿ ಬರೆದಿದ್ದ. ಮಹಾಂತೇಶ ಬಲಗೈ ಚಾಚಿ ಇಟ್ಟ. ನಾನು ಮಣಿಕಟ್ಟಿನಿಂದ ಶುರುಮಾಡಿದೆ.

ಹೆಬ್ಬೆರಳಿನ ಬಳಿ ಪೆನ್ಸಿಲು ತಾನಾಗಿ ಕುಣಿಯಿತು. ಹೆಬ್ಬೆರಳು ಹಾಳೆಯನ್ನು ಸಣ್ಣಗೆ ತಟ್ಟುತ್ತಿತ್ತು.

"ಏಸಿ ಬಾಳ ತಂಪಾಗೇತಿ," ಎಂದ ಮಹಾಂತೇಶ.

ನಾನು ಏಸಿ ಆರಿಸಿ ಮುಂದುವರಿಸಿದೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಅಂಕುಡೊಂಕು ಗೆರೆಗಳನ್ನು ತಿದ್ದಿದವಳು ನಾನು. ಪೆನ್ಸಿಲು ಕುಣಿದಲ್ಲೆಲ್ಲ ರಬ್ಬರಿನಿಂದ ಒರೆಸಿ ನಯವಾಗಿ ಎಳೆದೆ. ಒಂದೇ ಉಸಿರಿನಲ್ಲಿ ಬರೆದಂಥ ಕೈ ಬಂತು. ಅವನು ಬಹಳ ಹೊತ್ತು ಅದನ್ನೇ ನೋಡಿದ. "ಚಂದ ಆಗೇತಕ್ಕ," ಎಂದ. ಆ ಮಾತಿಗೆ ನಾನು ಹಿಗ್ಗಿದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಶುಕ್ರವಾರ ಪಾಸಿರ್ ಪಂಜಾಂಗ್‌ಗೆ ಹೋದೆ. ಅಲ್ಲಿನ ಹಡಗು ಕಚೇರಿಯೊಂದರಲ್ಲಿ ಅವನ ಕೆಲಸ. ಹಡಗಿನಲ್ಲಿ ಯಾವ ಕಂಟೇನರಿನ ಮೇಲೆ ಯಾವುದು ಕೂರಬೇಕೆಂದು ಪರದೆಯ ಮೇಲೆ ಜೋಡಿಸುವುದು. ಒಳಗೆ ಇಣುಕಲು ಬಿಟ್ಟರು. ಅವನ ಮೇಜಿನಲ್ಲಿ ಮೌಸು ಎಡಗಡೆಗಿತ್ತು.

ಊಟದ ಅಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ ಊಟ. ನನಗೆ ಪರಾಟ, ಅವನಿಗೆ ಸೂಪಿಲ್ಲದ ನೂಡಲ್ಸ್. ಗಾಳಿ ಇರಲಿಲ್ಲ, ಬೆವರು ಕಣ್ಣಿಗಿಳಿಯುತ್ತಿತ್ತು. "ನಿನ್ನ ಕೈಗುರಿ ಸಣ್ಣಿಂದಲೇ ಗಟ್ಟಿ ಬಿಡು," ಎಂದೆ. "ಗೋಲಿ ಆಟದಾಗ ಓಣಿ ಹುಡುಗರದೆಲ್ಲ ಗೆದ್ದು ಡಬ್ಬಿ ತುಂಬಿಸ್ತಿದ್ದಿ."

ಅವನು ಚಮಚ ಕೆಳಗಿಟ್ಟ. "ಅಕ್ಕ, ಅವ ಬಾಜೂ ಮನಿ ಶಂಕ್ರ. ನಾ ಬರೇ ಸೋಲಾಂವ. ಡಬ್ಬಿ ಅವಂದು. ನಮ್ಮನ್ಯಾಗ ಬಚ್ಚಿಟ್ಟಿದ್ದ, ಅವರಪ್ಪ ಬೈತಾನಂತ."

ನನ್ನ ನೆನಪಿನಲ್ಲಿ ಆ ಡಬ್ಬಿಯ ಮೇಲೆ ಮಹಾಂತೇಶನ ಹೆಸರೂ ಬರೆದಿತ್ತು. ಈಗಲೂ ಬರೆದಿದೆ. ಏನು ಮಾಡುವುದು?

ಶನಿವಾರ ಕ್ಲಬ್ಬು. ಜುರಾಂಗ್ ವೆಸ್ಟ್ ದಾಟಿ ಬಸ್ಸಿನಲ್ಲಿ ಹೋದೆವು. ಮನೆಗಳು ಮುಗಿದು ದಟ್ಟ ಹಸಿರು ಶುರುವಾಗುವಲ್ಲಿ ಇಳಿದೆವು. ಬಾಗಿಲಲ್ಲಿ ನನ್ನ ಪಾಸ್‌ಪೋರ್ಟು ನೋಡಿ, ಚೀಲ ಪಡೆದು, ದಪ್ಪ ಗಾಜಿನ ಹಿಂದೆ ಕೂರಿಸಿದರು. ಕಿವಿಗೆ ಮುಚ್ಚಳ ಕೊಟ್ಟರು. ಗುಂಡು ಹಾರಿಸುವ ಸಾಲಿನ ಉಸ್ತುವಾರಿ ಮಣಿಯಂ ಎಂಬ ಹಿರಿಯರದು, ಇಲ್ಲೇ ಹುಟ್ಟಿದ ತಮಿಳರು. ಅವರು ತಮಿಳು ಇಂಗ್ಲಿಷ್ ಬೆರೆಸಿ ಆಡಿದ್ದನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಬರೆದಿದ್ದೇನೆ.

ಮಹಾಂತೇಶ ಕ್ಲಬ್ಬಿನದೇ ದೊಡ್ಡ ಬೋರಿನ ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದ. ಆರು ಗುಂಡು. ಮೊದಲನೆಯದು ಹಾರಿದಾಗ ಶಬ್ದ ಕಿವಿಗೆ ಬರಲಿಲ್ಲ, ಕೂತಿದ್ದ ಬೆಂಚಿನಿಂದ ಬೆನ್ನುಹುರಿಗೆ ಬಂತು. ನಾನು ಬೆಚ್ಚಿ ಬೆಂಚಿನ ಅಂಚು ಹಿಡಿದೆ. ಅದೂ ಎರಡನೆಯದೂ ಗುರಿಯ ನಡುವೆ ಬಿದ್ದವು. ಮೂರನೆಯದು ಅಂಚಿಗೆ. ನಾಲ್ಕನೆಯದು ಕಾಗದದ ನೆತ್ತಿಗೆ. ಐದನೆಯದಕ್ಕೆ ಅವನು ಹೆಚ್ಚು ಹೊತ್ತು ಕೈ ಚಾಚಿ ನಿಂತ. ನಳಿಗೆಯ ತುದಿ ಕೆಳಗೆ, ಮೇಲೆ, ಕೆಳಗೆ ಆಡತೊಡಗಿತು. ಗುಂಡು ಹಾರಿತು. ಗುರಿಯ ಮರದ ಚೌಕಟ್ಟಿನಿಂದ ಸಿಬಿರು ಸಿಡಿಯಿತು. ಪಕ್ಕದ ಸಾಲಿನವನು ತಿರುಗಿ ನೋಡಿದ.

ಮಣಿಯಂ ಹಿಂದಿನಿಂದ ಬಂದು ಅವನ ಭುಜದ ಮೇಲೆ ಕೈ ಇಟ್ಟರು. ಅವರು ಏನೆಂದರೋ ಗಾಜಿನಿಂದಾಚೆ ಕೇಳಲಿಲ್ಲ. ಮಹಾಂತೇಶ ರಿವಾಲ್ವರನ್ನು ಮೇಜಿನ ಮೇಲಿಟ್ಟು, ಬಲಗೈಯನ್ನು ಎಡಗೈಯಿಂದ ಮುಚ್ಚಿ ಹಿಡಿದು ನಿಂತ. ಒಂದು ಗುಂಡು ಇನ್ನೂ ಅದರೊಳಗೇ ಇತ್ತು. ಗುರುವಾರ ಹಾಳೆಯ ಮೇಲೆ ನಾನು ರಬ್ಬರಿನಿಂದ ಒರೆಸಿದ್ದು ಇದನ್ನೇ.

ಕ್ಯಾಂಟೀನಿನಲ್ಲಿ ಮೂವರಿಗೂ ಚಹಾ ಬಂತು. ಅಂದೇ ಆರ್ಡರ್ ಕಳಿಸಬೇಕೆಂದು ಮಹಾಂತೇಶ ಆ ಹಾಳೆ ತಂದಿದ್ದ. ಮಣಿಯಂ ಅದನ್ನು ಬಿಡಿಸಿ ನೋಡಿದರು.

"ಮೇಡಂ, ನಾನು ಇಪ್ಪತ್ತು ವರ್ಷ ಇವರೆಲ್ಲರ ಹಿಂದೆ ನಿಂತವನು. ಮುಖ ಮರೀತೀನಿ, ಕೈ ಮರೆಯಲ್ಲ. ಇದು ಮಹಾನ ಕೈ ಅಲ್ಲ ಲಾ." ಮಹಾಂತೇಶನನ್ನು ಅವರು 'ಮಹಾ' ಎನ್ನುತ್ತಿದ್ದರು.

"ಅವನದೇ," ಎಂದೆ.

"ಹಾಗಾದ್ರೆ ನೀವು ಸರಿ ಮಾಡಿದ್ದೀರಿ. ಇದಕ್ಕೆ ಕೆತ್ತಿದ ಹಿಡಿ ಯಾರ ಕೈಗೂ ಕೂರಲ್ಲ." ಹಾಳೆ ಮಡಚಿ ನನ್ನ ಕಡೆ ತಳ್ಳಿದರು. ಆಮೇಲೆ ಅವನಿಗೆ ಹೇಳಿದರು: "ಇವತ್ತಿನಿಂದ ನೀನು ಗನ್ ಮುಟ್ಟಲ್ಲ. ಸೋಮವಾರ ನಾನು ರಿಪೋರ್ಟ್ ಬರೀಲೇಬೇಕು. ಅದಕ್ಕೆ ಮೊದಲು ನೀನೇ ಬರೆದು ಕೊಟ್ರೆ ಅದು ಬೇರೆ. ಡಾಕ್ಟರ್ ಏನಂದ್ರು?"

ಮಹಾಂತೇಶ ಚಹಾ ಮುಟ್ಟಲಿಲ್ಲ. ಎತ್ತಿದರೆ ಚೆಲ್ಲುತ್ತದೆಂದು ಮೂವರಿಗೂ ಗೊತ್ತಿತ್ತು.

ವಾಪಸು ಬಸ್ಸಿನ ಕೊನೆಯ ಸೀಟಿನಲ್ಲಿ ಅವನು ತಾನಾಗಿ ಮಾತಾಡಿದ. ನಡುಕ ಶುರುವಾಗಿ ವರ್ಷವಾಗಿತ್ತು. ಒಮ್ಮೆ ಡಾಕ್ಟರ ಬಳಿ ಹೋಗಿದ್ದ. ಇನ್ನೂ ಪರೀಕ್ಷೆ ಆಗಬೇಕು ಎಂದಿದ್ದರು. ಮತ್ತೆ ಹೋಗಲಿಲ್ಲ. ಶೈಲಾಗೆ ಗೊತ್ತಿಲ್ಲ.

"ಮತ್ತ ಈ ಕೈಗೆ ರಿವಾಲ್ವರ್ ಯಾಕೋ? ಅದೂ ಮಾಡಿಸಿದ್ದು?"

"ರೆಡಿಮೇಡ್ ತಗೊಂಡ್ರ ಮುಂದಿನ ತಿಂಗಳೇ ಹಿಡೀಬೇಕಾಗ್ತದ. ಹಿಡದ ಕೂಡ್ಲೇ ಗೊತ್ತಾಗ್ತದ. ಇದಾದ್ರ ಹದಿನೆಂಟು ತಿಂಗಳು ಕಾಯಬೇಕು." ಕಿಟಕಿ ಕಡೆ ನೋಡಿದ. "ಅಷ್ಟ ದಿನ ನಂದೊಂದು ರಿವಾಲ್ವರ್ ಆಗಾಕ ಹತ್ತೇತಿ ಅಂದ್ರ, ಅಷ್ಟ ದಿನ ನಂದೊಂದು ಕೈ ಐತಿ ಅಂತ ಲೆಕ್ಕ."

"ಬರಿಯಾಕ ನನ್ನೇ ಯಾಕ ಕರದಿ? ಶೈಲಾ ಇದ್ದಳಲ್ಲ."

"ಶೈಲಾ ಇದ್ದದ್ದ ಇದ್ದಂಗ ಬರೀತಾಳ. ನೀ ಆದ್ರ ಸರಿ ಮಾಡ್ತಿ ಅಂತ ಗೊತ್ತಿತ್ತು."

ಎರಡು ಸ್ಟಾಪು ಹೋದದ್ದು ತಿಳಿಯಲಿಲ್ಲ. ಮೂರೂ ಇರಬಹುದು. ಅಷ್ಟು ದೂರದಿಂದ ಅವನು ನನ್ನನ್ನು ಕರೆಸಿಕೊಂಡದ್ದು ನನ್ನ ತಿದ್ದುವ ಚಾಳಿಯನ್ನು ನಂಬಿ. ನಾನು ಇಂಥವಳು ಎಂದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಗಿನ ತಿಂಡಿಗೆ ರೊಟ್ಟಿ, ಮೊಸರು, ಚಟ್ನಿ. ಮಹಾಂತೇಶ ರೊಟ್ಟಿ ಮುರಿಯಲು ಹೋದ. ಚೂರುಗಳು ಮೇಜಿನ ತುಂಬ ಹಾರಿದವು. "ಚಿಕ್ಕ ಮಗು ಹಾಗೆ ತಿಂತಾರೆ ನೋಡಿ," ಎಂದು ಶೈಲಾ ನಕ್ಕಳು. ಅವನೂ ನಕ್ಕ. ನಾನು ನಗಲಿಲ್ಲ. ಎದ್ದು ಹೋಗಿ ಹೊಸ ಹಾಳೆ, ಪೆನ್ಸಿಲು ತಂದು ಅವನ ಮುಂದಿಟ್ಟೆ. ರಬ್ಬರನ್ನು ಕೋಣೆಯಲ್ಲೇ ಬಿಟ್ಟು ಬಂದೆ.

"ಕೈ ಇಡು."

"ಬ್ಯಾಡಕ್ಕ."

"ಇಡೋ."

ಅವನು ಹೆಂಡತಿಯ ಮುಖ ನೋಡಿದ, ಹಾಳೆ ನೋಡಿದ, ಕೈ ಒರೆಸಿಕೊಂಡು ಇಟ್ಟ. ನಾನು ಮಣಿಕಟ್ಟಿನಿಂದ ಶುರುಮಾಡಿದೆ. ಹೆಬ್ಬೆರಳು ತಟ್ಟಿದಾಗ ಪೆನ್ಸಿಲನ್ನು ಅದರ ಪಾಡಿಗೆ ಬಿಟ್ಟೆ. ತೋರುಬೆರಳಿನ ಪಕ್ಕದಲ್ಲಿ ಗೆರೆ ಗರಗಸದ ಹಲ್ಲಿನಂತಾಯಿತು. ಕಿರುಬೆರಳಿನ ಹೊತ್ತಿಗೆ ತುಸು ತಣ್ಣಗಾಯಿತು. ಶೈಲಾ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಕೆಳಗೆ ಒಂದು ಗಾಡಿ ತಿರುಗಿ ಹೋಯಿತು, ಆಮೇಲೆ ಇನ್ನೊಂದು.

"ಇದು ಯಾವಾಗಿಂದ?" ಎಂದಳು.

ಅವನು ಹೇಳಿದ. ವರ್ಷ, ಡಾಕ್ಟರು, ಹೋಗದೆ ಬಿಟ್ಟ ಪರೀಕ್ಷೆ, ನಿನ್ನೆಯ ಐದನೆಯ ಗುಂಡು. ಅವಳು ಕೂತಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. "ಗನ್ ಮಾಡೋನಿಗೆ ಕಳಿಸೋಕೆ ಕೈ ಇಟ್ರಿ. ನನ್ ಮುಂದೆ ಒಂದ್ ವರ್ಷ ಜೇಬಲ್ಲಿ ಇಟ್ಕೊಂಡು ಓಡಾಡಿದ್ರಿ." ಅವಳು ಹಾಳೆಯನ್ನು ಎಳೆದುಕೊಂಡು ಬಹಳ ಹೊತ್ತು ನೋಡಿ, ಮಡಚದೆ, ತನ್ನ ಆಫೀಸ್ ಫೈಲಿನೊಳಗೆ ಇಟ್ಟಳು. "ನಾಳೆ ಅಪಾಯಿಂಟ್‌ಮೆಂಟ್ ಬುಕ್ ಮಾಡ್ತೀನಿ. ಇದನ್ನ ಡಾಕ್ಟರ್ ನೋಡ್ಬೇಕು."

ಮಧ್ಯಾಹ್ನ ಅವನು ಕ್ಲಬ್ಬಿಗೆ ತಾನೇ ಪತ್ರ ಟೈಪ್ ಮಾಡಿದ, ಎಡಗೈಯ ಒಂದೇ ಬೆರಳಿನಲ್ಲಿ. ಅಮೆರಿಕದ ಕುಶಲಕರ್ಮಿಗೆ 'ಬೇಡ' ಎಂದು ಒಂದು ಸಾಲು ಕಳಿಸಿದ. ಸಂಜೆ ಮಣಿಯಂ ಅವರ ಫೋನು ಬಂತು. ಮಹಾಂತೇಶ ನಮಗೂ ಕೇಳಲೆಂದು ಸ್ಪೀಕರ್ ಹಾಕಿದ. "ಕಾರ್ಖಾನೆಯದು ಎಲ್ಲಿಗೂ ಹೋಗಲ್ಲ, ಮಹಾ. ಡಾಕ್ಟರ್ ಓಕೆ ಅಂದ ದಿನ ಬಾ. ಅನ್ನದಿದ್ರೂ ಬಾ. ಸ್ಕೋರ್ ಬರೆಯೋಕೆ ಜನ ಇಲ್ಲ."

"ನನ್ನ ಅಕ್ಷರ ಯಾರಿಗೂ ತಿಳಿಯಲ್ಲ, ಅಂಕಲ್."

"ಸೋತವರಿಗೆ ಖುಷಿ ಆಗುತ್ತೆ ಲಾ."

ಸೋಮವಾರ ಮಧ್ಯಾಹ್ನ ನನ್ನ ವಿಮಾನ. ಮೂವರೂ ಟ್ಯಾಕ್ಸಿಯಲ್ಲಿ ಹೋದೆವು, ಮೂವತ್ತೆರಡು ಡಾಲರು. ಈ ಸಲ ಮಳೆ ಬರುತ್ತಿತ್ತು, ರಸೀತಿಯ ಹಿಂದೆ ಅಲ್ಲೇ ಬರೆದುಕೊಂಡಿದ್ದೇನೆ. ನನ್ನ ಕೈಚೀಲದಲ್ಲಿ ಗುರುವಾರದ ಹಾಳೆ ಇತ್ತು, ಯಾರದ್ದೂ ಅಲ್ಲದ ಆ ನಯವಾದ ಕೈ. ತಪಾಸಣೆಯ ಯಂತ್ರ ಅದನ್ನು ಒಳಗೆಳೆದುಕೊಂಡು ಏನೂ ಅನ್ನದೆ ಹೊರಗೆ ಬಿಟ್ಟಿತು.

ಗಾಜಿನಾಚೆ ತಿರುಗಿ ನೋಡಿದೆ. ಶೈಲಾ ಅವನ ಎಡಗೈ ಹಿಡಿದಿದ್ದಳು. ಬಲಗೈಯನ್ನು ಅವನು ಜೇಬಿನಿಂದ ತೆಗೆದು ಮೇಲೆತ್ತಿದ. ಬೀಸುತ್ತಿದ್ದನೋ ಸುಮ್ಮನೆ ಹಿಡಿದಿದ್ದನೋ ಅಷ್ಟು ದೂರದಿಂದ ತಿಳಿಯಲಿಲ್ಲ. ಬೀಸಿದ ಎಂದು ಬರೆಯಲು ಪುಸ್ತಕ ತೆಗೆದೆ. ಬರೆದದ್ದು ಇಷ್ಟು: 'ಬಲಗೈ ಎತ್ತಿದ. ಕೈ ಅಲುಗುತ್ತಿತ್ತು.'