ಅಕ್ಕಯ್ಯಮ್ಮನ ಹೆಸರಿನ ಮುಂದೆ ನಾನು ಬರೆದದ್ದು

ಗೌರಮ್ಮ, ನಿನ್ನ ತಾಯಿ ಅಕ್ಕಯ್ಯಮ್ಮ ಆ ಮನೆಯ ಆಳಾಗಿರಲಿಲ್ಲ. ನಿನ್ನ ತಂದೆ ಕೆಂಚಪ್ಪನ ಹೆಂಡತಿಯಾಗಿದ್ದಳು. ಆಳು ಎಂದು ಬರೆದವನು ನಾನು. ಗೊತ್ತಿದ್ದೂ ಬರೆದೆ.

ನಿನ್ನೆ ನೀನು ನೆಲಮಂಗಲದಿಂದ ಕುಂದಾಣದ ತನಕ ಬಂದು ಆ ಹಳೆಯ ಪುಸ್ತಕ ತೋರಿಸಿ ಎಂದೆ. ಎಲ್ಲಿ ಹೋಯಿತೋ ಕಣಮ್ಮ ಎಂದುಬಿಟ್ಟೆ ನಾನು. ನಾನು ಕುಳಿತಿದ್ದ ಪೆಟ್ಟಿಗೆಯೊಳಗೇ ಇತ್ತು. ಅಮ್ಮ ತೀರಿಹೋಗಿ ತಿಂಗಳಾಯಿತು ಎಂದೆ ನೀನು — ನಾನು, ನೀರು ಕುಡಿಯುತ್ತೀಯಾ ಎಂದು ಕೇಳಿದೆ. ಅಷ್ಟೇ ನನ್ನ ಕೈಲಾದದ್ದು.

ಯುದ್ಧದ ಕಾಲದ ಖಾನೇಷುಮಾರಿ ಅದು. ಮನೆಮನೆಗೆ ಹೋಗಿ ಜನರನ್ನು ಎಣಿಸಿ, ಯಾರಿಗೆ ಯಾರು ಏನಾಗಬೇಕು ಎಂದು ಬರೆಯುವ ಕೆಲಸ ಮೇಷ್ಟರಾದ ನನ್ನ ಹೆಗಲಿಗೆ ಬಿತ್ತು. ನಿಮ್ಮ ಮನೆಗೆ ಹೋದ ದಿನ ಕೆಂಚಪ್ಪ ಹೊಸಕೋಟೆ ಸಂತೆಗೆ ಹೋಗಿದ್ದ. ಜಗಲಿಯಲ್ಲಿ ಮನೆಯ ಯಜಮಾನ, ನಿನ್ನ ದೊಡ್ಡಪ್ಪ ಕುಳಿತಿದ್ದ. ನಿನ್ನನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಿಗೆ ಬಂದ ನಿಮ್ಮಮ್ಮನನ್ನು, ನಿನ್ನ ಗಂಡ ಯಾರಮ್ಮ ಎಂದು ಕೇಳಿದೆ. ಅವಳು ಸೆರಗೆಳೆದುಕೊಂಡು ನಾಚಿ ಒಳಗೆ ಹೋದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರುಂಟೇ! ಅಂಥ ಹೊತ್ತಿನಲ್ಲಿ ಪಕ್ಕದವರು ಹೇಳುವುದು ವಾಡಿಕೆ.

ನಿನ್ನ ದೊಡ್ಡಪ್ಪ ದನಿ ತಗ್ಗಿಸಿ ಹೇಳಿದ: "ಅವ್ಳು ಆಳು ಕಣ್ರೀ ಮೇಷ್ಟ್ರೆ. ಮಗು ಅವ್ಳದು. ಹಂಗೇ ಬರ್ಕೊಳ್ಳಿ."

ಆಳಾಗಿದ್ದರೆ ಕೆಂಚಪ್ಪನ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅವಳು ಹೇಳದಿದ್ದದ್ದೇ ಉತ್ತರ — ಅಷ್ಟೂ ತಿಳಿಯದ ದಡ್ಡನೇ ನಾನು? ಅವಳ ತವರಿನಲ್ಲಿ, ತನ್ನ ಅಣ್ಣನ ಒಪ್ಪಿಗೆಯಿಲ್ಲದೆ ಮದುವೆಯಾಗಿ ಬಂದ ಕೆಂಚಪ್ಪ ನನ್ನ ಕೈಗೇ ತಾಂಬೂಲ ಕೊಟ್ಟಿದ್ದ. ಆದರೆ ನನ್ನ ಶಾಲೆ ನಡೆಯುತ್ತಿದ್ದದ್ದು ನಿನ್ನ ದೊಡ್ಡಪ್ಪನ ಜಗಲಿಯಲ್ಲಿ. ಅವನು ಮುನಿದರೆ ಮಕ್ಕಳನ್ನೆಲ್ಲಿ ಕೂರಿಸಲಿ ಎಂದು — ಇಲ್ಲ, ಮಕ್ಕಳ ತಲೆಗೆ ಕಟ್ಟುವುದು ಬೇಡ. ನಾನು ಹೆದರಿದೆ. ಬರೆದೆ.

ಆಮೇಲೆ ಮಾಡಿದ್ದು ಇದಕ್ಕಿಂತ ದೊಡ್ಡದು. ಕೆಂಚಪ್ಪ ಸತ್ತು ಹದಿನೈದು ದಿನವಾಗಿರಲಿಲ್ಲ, ಆಳಿಗೆ ಇಲ್ಲೇನು ಹಕ್ಕು ಎಂದು ನಿನ್ನ ದೊಡ್ಡಪ್ಪ ನಿಮ್ಮಿಬ್ಬರನ್ನೂ ಮನೆ ಬಿಡಿ ಎಂದ. ನಿಮ್ಮಮ್ಮ ನನ್ನ ಹತ್ತಿರ ಓಡಿ ಬಂದಳು.

"ನನ್ನ ಏನಂತ ಬರ್ದಿದೀರಿ, ವಸಿ ಓದಿ ಮೇಷ್ಟ್ರೆ."

ನನ್ನ ಹತ್ತಿರ ಉಳಿದಿದ್ದ ನಕಲು ಪುಸ್ತಕ ತೆರೆದೆ. ಅವಳ ಮುಖ ನೋಡಿದೆ. ಬರೆದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. "ಕೆಂಚಪ್ಪನ ಹೆಂಡತಿ" ಎಂದು ಓದಿಬಿಟ್ಟೆ. ಓದು ಬಾರದ ಹೆಂಗಸು, ನನಗೆ ಕೈ ಮುಗಿದು ಹೋದಳು. ತಡೆಯಬೇಕಿತ್ತು, ಹಿಂದೆಯೇ ಓಡಬೇಕಿತ್ತು —

ಮರುದಿನ ಊರ ಹಿರಿಯರ ಮುಂದೆ ಅವಳೇ ಹೇಳಿದಳು: "ಯಾರ ಮಾತೂ ಬ್ಯಾಡ. ಮೇಷ್ಟ್ರ ಪುಸ್ತಕ ತರ್ಸಿ. ಅದ್ರಲ್ಲಿ ಏನೈತೋ ಹಂಗೇ ಆಗ್ಲಿ."

ತರಿಸಿದರು. ಓದು ಎಂದರು. ಓದಿದೆ. ಈ ಸಲ ಬರೆದದ್ದನ್ನೇ ಓದಿದೆ, ಗೌರಮ್ಮ.

"ಹಂಗಾರೆ ನೆನ್ನೆ ಓದಿದ್ದು?" ಎಂದಳು. ನಾನು ಪುಸ್ತಕ ಮುಚ್ಚಿದೆ. ಸಂಜೆಯೊಳಗೆ ನೀವಿಬ್ಬರೂ ಊರು ಬಿಟ್ಟಿರಿ.

ನಿನ್ನೆ ಹೊರಡುವಾಗ ನೀನು, "ನಮ್ಮಮ್ಮ ಕೊನೇಗಂಟ ಸುಳ್ಳು ಹೇಳ್ತಿದ್ಲಾ ಮೇಷ್ಟ್ರೆ?" ಎಂದು ಕೇಳಿದೆ. ಆಗಲೂ ಸುಮ್ಮನಿದ್ದೆನಲ್ಲ, ನಾನೆಂಥ ಮನುಷ್ಯ! ಇಲ್ಲ ತಾಯಿ, ಅವಳು ಒಂದು ಸುಳ್ಳೂ ಹೇಳಲಿಲ್ಲ.

ಪುಸ್ತಕದ ಆ ಹಾಳೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ನಿನ್ನ ದೊಡ್ಡಪ್ಪ ಇನ್ನೂ ಇದ್ದಾನೆ, ಹಿರಿಯರೂ ಇದ್ದಾರೆ. ಸೋಮವಾರ ಅವರೆಲ್ಲರ ಮುಂದೆ ನಿಂತು, ಇದು ನನ್ನ ಸುಳ್ಳು ಎಂದು ಹೇಳುತ್ತೇನೆ. ಅವರು ಒಪ್ಪಬಹುದು, ನನ್ನನ್ನು ಅಟ್ಟಲೂಬಹುದು. ನಿಮ್ಮಮ್ಮನಿಗೆ ಮಾತ್ರ ಅದು ಕೇಳಿಸುವುದಿಲ್ಲ.